ಫಾರ್ಮಿನಲ್ಲಿ ಇಲ್ಲದ ಅಕ್ಕ

ಮೈಮೇಲೆ ಒಂದು ಗುಳ್ಳೆಯೂ ಇಲ್ಲದೆ, ಬಾವೂ ಇಲ್ಲದೆ, ಅಂಗೈ ಅಂಗಾಲು ಮಾತ್ರ ಬೆಂಕಿ ಹತ್ತಿದ ಹಾಗೆ ತುರಿಸುವ ಹೆಂಗಸು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬನ್ನಿ, ಉಳಿದದ್ದನ್ನು ಆಮೇಲೆ ಓದಿ. ನಿಮಗೆ ಧೈರ್ಯ ಹೇಳಲಿಕ್ಕೆ ಬರೆಯುತ್ತಿದ್ದೇನೆ ಎನ್ನುವುದು ಅರ್ಧ ನಿಜ. ಇನ್ನರ್ಧ ಬರೆಯುತ್ತಿರುವುದು ನನ್ನ ಅಕ್ಕನ ಮೇಲಿನ ಸಿಟ್ಟಿಗೆ. ಅವಳಿಗೂ ಇದು ಗೊತ್ತು. ‘ಬರಿ, ಬರಿ, ಊರ ಮುಂದ ನನ್ನ ಮಾನಾ ತಗಿ’ ಎಂದು ಈಗಷ್ಟೇ ಅಡುಗೆಮನೆಯಿಂದ ಕೂಗಿದಳು.

ನಾನು ಸುಶೀಲಾ. ನವಲಗುಂದ ತಾಲ್ಲೂಕಿನ ಒಂದು ಊರಿನ ಕನ್ನಡ ಶಾಲೆಯಲ್ಲಿ ಟೀಚರ್. ಅಕ್ಕ ಗಂಗವ್ವ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ನನಗೆ ಐದು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಲ್ಲಿಂದ ನನ್ನನ್ನು ಕಂಕುಳಲ್ಲಿ ಹೊತ್ತವಳು, ಜಡೆ ಹಾಕಿದವಳು, ಏಳನೆಯ ಇಯತ್ತೆಗೆ ತಾನು ಶಾಲೆ ಬಿಟ್ಟು ನನ್ನನ್ನು ಕಳಿಸಿದವಳು ಅವಳೇ. ಮದುವೆಯಾಗಿ ಹೋದ ಮನೆಯಲ್ಲಿ ಮೈದುನನಿದ್ದ. ಅವನಿಗೆ ನನ್ನನ್ನು ತಂದುಕೊಂಡಳು. ಹೀಗಾಗಿ ಅಕ್ಕನೇ ನೆಗೆಣ್ಣಿಯಾದಳು. ಅತ್ತೆ ಬೇಗ ಹೋದದ್ದರಿಂದ ಅತ್ತೆಯೂ ಅವಳೇ ಆದಳು. ಒಬ್ಬಳೇ ಹೆಂಗಸಿಗೆ ಅಷ್ಟು ಅಧಿಕಾರ ಒಳ್ಳೆಯದಲ್ಲ, ಆದರೆ ನನಗೆ ಅದು ತಿಳಿದದ್ದು ನಲವತ್ತೈದು ದಾಟಿದ ಮೇಲೆ.

ನಮ್ಮ ಕಡೆ ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಆ ದಿನವೇ ಬುಟ್ಟಿಗಟ್ಟಲೆ ರೊಟ್ಟಿ ಮಾಡಿ ಇಡುತ್ತೇವೆ. ನಾಗಪ್ಪನಿಗೆ ಹಾಲೆರೆಯುವ ದಿನ ಒಲೆಯ ಮೇಲೆ ಹಂಚು ಇಡಬಾರದು. ಇಟ್ಟರೆ ನಾಗಪ್ಪನ ಹೆಡೆ ಸುಡುತ್ತದೆ ಎನ್ನುತ್ತಾರೆ. ಆ ವರ್ಷ ನನ್ನ ಮಗಳು ವಿದ್ಯಾ ಲಗ್ನವಾದ ಮೇಲಿನ ಮೊದಲ ಪಂಚಮಿಗೆ ಬಂದಿದ್ದಳು. ಎರಡು ತಿಂಗಳ ಬಸುರಿ. ಏನು ತಿಂದರೂ ವಾಂತಿ. ಹಬ್ಬದ ದಿನ ಮಧ್ಯಾಹ್ನ ಕಣ್ಣಲ್ಲಿ ನೀರು ತಂದುಕೊಂಡು ‘ಯವ್ವಾ, ಒಂದು ಬಿಸಿ ರೊಟ್ಟಿ ಸಿಕ್ರ ಉಣತೇನಿ’ ಎಂದಳು. ಬುಟ್ಟಿಯಲ್ಲಿದ್ದ ಕಟಕ ರೊಟ್ಟಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಕ್ಕ ಹಾಲೆರೆಯಲು ಹೋಗಿದ್ದಳು. ನಾನು ಹಂಚಿಟ್ಟೆ. ಎರಡು ರೊಟ್ಟಿ ಬಡಿದೆ. ಮಗಳು ಬೆಣ್ಣೆ ಹಚ್ಚಿಕೊಂಡು ಉಂಡು, ಒಂದು ತುತ್ತೂ ಹೊರಗೆ ಬರದೆ ನಿದ್ದೆ ಮಾಡಿದಳು. ಅಕ್ಕ ಬಂದು ಬಿಸಿ ಹಂಚು ನೋಡಿದಳು. ಏನೂ ಅನ್ನಲಿಲ್ಲ. ಅನ್ನದೆ ಎತ್ತಿಟ್ಟುಕೊಂಡಳು.

ದಸರೆಯ ಹೊತ್ತಿಗೆ ನನಗೆ ತುರಿಕೆ ಶುರುವಾಯಿತು. ಮೊದಲು ಅಂಗಾಲು, ಆಮೇಲೆ ಅಂಗೈ, ಆಮೇಲೆ ಬೆನ್ನು. ಈ ತುರಿಕೆಯನ್ನು ಅನುಭವಿಸದವರಿಗೆ ಹೇಗೆ ಹೇಳುವುದು? ಸೊಳ್ಳೆ ಕಚ್ಚಿದರೆ ಚರ್ಮ ತುರಿಸುತ್ತದೆ, ಕೆರೆದುಕೊಂಡರೆ ಹಾಯೆನಿಸುತ್ತದೆ. ಇದು ಚರ್ಮದ ಕೆಳಗೆ ಎಲ್ಲೋ ಇತ್ತು, ಉಗುರಿಗೆ ಸಿಗುತ್ತಿರಲಿಲ್ಲ. ಪಡಸಾಲೆಯಲ್ಲಿ ಹಾಸಿದ ಜಮಖಾನೆಗೆ ಅಂಗಾಲು ಉಜ್ಜಿ ಉಜ್ಜಿ ಅದರ ಒಂದು ಮೂಲೆಯ ನವಿಲು ಮಾಸಿಹೋಯಿತು. ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವಾಗ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಕಾಲನ್ನು ಕುರ್ಚಿಯ ಕಬ್ಬಿಣಕ್ಕೆ ತಿಕ್ಕುತ್ತಿದ್ದೆ. ಊರಿನ ಡಾಕ್ಟರ್ ಗಜಕರ್ಣದ ಮುಲಾಮು ಕೊಟ್ಟ. ಗಜಕರ್ಣ ಎಲ್ಲಿದೆ ತೋರಿಸಪ್ಪಾ ಎಂದರೆ, ‘ಒಳಗ ಇರತೈತ್ರಿ ಅಕ್ಕೋರ’ ಎಂದ. ಜತೆಗೆ ಮೈಯಲ್ಲಿ ಕಸುವೇ ಇಲ್ಲದಂಥ ದಣಿವು. ಹತ್ತು ಹೆಜ್ಜೆಯ ಶಾಲೆಗೆ ಹೋಗಿಬಂದರೆ ಹೊಲದಲ್ಲಿ ಕಳೆ ತೆಗೆದು ಬಂದವಳ ಹಾಗೆ ಬಿದ್ದುಕೊಳ್ಳುತ್ತಿದ್ದೆ.

ಆಗ ಅಕ್ಕ ಎತ್ತಿಟ್ಟುಕೊಂಡದ್ದನ್ನು ಹೊರಗೆ ತೆಗೆದಳು.

‘ಪಂಚಮಿ ದಿನ ಹಂಚಿಟ್ಟಿ. ನಾಗಪ್ಪ ಬಿಡತಾನೇನು? ಮೈಮ್ಯಾಲೆ ಒಂದು ಗುಳ್ಳಿ ಇಲ್ಲ, ತುರಸತೈತಿ ಅಂದ್ರ ಮತ್ತೇನದು?’

‘ಯಕ್ಕಾ, ಬಸರಿ ಹುಡುಗಿ ಉಣ್ಣಾಕ ಕೇಳ್ತು.’

‘ಕೇಳಿದ್ರ ನನಗ ಹೇಳಬೇಕಿತ್ತು. ನಿನಗೆಲ್ಲಾ ಗೊತ್ತಲ್ಲ, ಸಾಲಿ ಕಲ್ತಾಕಿ.’

ಮರುದಿನದಿಂದ ನಾನು ರೊಟ್ಟಿ ಬಡಿಯುವಂತಿಲ್ಲ. ನನ್ನ ತಾಟು ಬೇರೆ, ತಂಬಿಗೆ ಬೇರೆ. ನನ್ನ ಹಾಸಿಗೆಯನ್ನು ಬಿಸಿಲಿಗೆ ಬೇರೆ ಹಗ್ಗದ ಮೇಲೆ ಹಾಕುತ್ತಿದ್ದಳು. ನಮ್ಮ ಮನೆಯವರು ಒಳ್ಳೆಯ ಮನುಷ್ಯ, ಅತ್ತಿಗೆಯ ಎದುರು ಮಾತ್ರ ಅವರಿಗೆ ನಾಲಿಗೆ ಇರುವುದಿಲ್ಲ. ‘ನಾಕು ದಿನ ಸಂಭಾಳಿಸಿಕೊಂಡು ಹೋಗು’ ಎಂದರು. ನಾಲ್ಕು ದಿನ ನಾಲ್ಕು ತಿಂಗಳಾಯಿತು.

ಎಲ್ಲವನ್ನೂ ನುಂಗಿಕೊಂಡೆ, ಒಂದನ್ನು ಬಿಟ್ಟು. ಸಂಕ್ರಾಂತಿ ಮುಗಿದ ಮೇಲೆ ವಿದ್ಯಾಳ ಕುಬಸ, ಬಸುರಿಯ ಉಡಿ ತುಂಬುವ ಶಾಸ್ತ್ರ. ಹಸಿರು ಸೀರೆ, ಹಸಿರು ಬಳೆ, ನೆರೆಮನೆಯ ಹೆಂಗಸರು, ಹಾಡು. ನಾನು ಉಡಿಯಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ತಾಟಿನಲ್ಲಿ ಹೊಂದಿಸಿಕೊಂಡು ಮಗಳ ಮುಂದೆ ಹೋದೆ. ಅಕ್ಕ ಎಲ್ಲರೆದುರಿಗೆ ನನ್ನ ಕೈಯಿಂದ ತಾಟು ತೆಗೆದುಕೊಂಡಳು.

‘ಬ್ಯಾಡ ಸುಶೀ. ಬಸರಿ ಹೆಣ್ಮಗಳಿಗೆ ನಿನ್ನ ಕೈ ತಾಗೂದು ಬ್ಯಾಡ. ದೋಷ ಕೂಸಿಗೆ ಹತ್ತತೈತಿ.’

ಹಾಡು ನಿಂತಿತು. ಎದುರು ಮನೆಯ ಶಾಂತವ್ವ ತನ್ನ ಸೆರಗನ್ನು ನನ್ನ ಕಡೆಯಿಂದ ಮೆಲ್ಲಗೆ ಎಳೆದುಕೊಂಡಳು. ಅಕ್ಕ ನನ್ನ ಮಗಳ ಉಡಿ ತುಂಬಿದಳು. ಆಮೇಲೆ ಶಾಂತವ್ವ ತುಂಬಿದಳು. ಆಮೇಲೆ ಹೆಸರೂ ಗೊತ್ತಿಲ್ಲದ ಬೀಗರ ಕಡೆಯವಳೊಬ್ಬಳು ತುಂಬಿದಳು. ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಹೆತ್ತ ಮಗಳ ಉಡಿ ನಾನು ತುಂಬಲಿಲ್ಲ. ಅವತ್ತು ಮನಸ್ಸಿನಲ್ಲಿ ಒಂದು ಮಾತು ಆಡಿಕೊಂಡೆ: ಗಂಗವ್ವಾ, ನಿನಗೂ ಒಂದು ದಿನ ಬರುತ್ತದೆ, ಅವತ್ತು ನಾನೂ ಸುಮ್ಮನೆ ನಿಂತು ನೋಡುತ್ತೇನೆ.

ಬೇಸಿಗೆಗೆ ಕಣ್ಣು ಹಳದಿಯಾಯಿತು. ಅಕ್ಕ ‘ಕಾಮಣಿ’ ಎಂದಳು, ಅಂದರೆ ಕಾಮಾಲೆ. ಕಾಮಣಿ ಇಳಿಸುವ ಒಬ್ಬ ಮುದುಕ ಪಕ್ಕದ ಊರಲ್ಲಿದ್ದ. ಸುಣ್ಣದ ನೀರಿನಲ್ಲಿ ನನ್ನ ಕೈ ಅದ್ದಿಸಿ, ಏನೋ ಹಚ್ಚಿ ತಿಕ್ಕಿ, ಬೋಗುಣಿಯಲ್ಲಿ ಹಳದಿ ನೀರು ತೋರಿಸಿದ. ‘ನೋಡ್ರಿ, ಹ್ಯಾಂಗ ಇಳೀತು!’ ನಮ್ಮ ಅಡುಗೆಯ ಅರಿಶಿನವನ್ನು ಸುಣ್ಣದ ನೀರಿಗೆ ಹಾಕಿದರೂ ಬಣ್ಣ ತಿರುಗುತ್ತದೆ, ಮಕ್ಕಳಿಗೆ ನಾನೇ ಮಾಡಿ ತೋರಿಸುತ್ತೇನೆ. ಆದರೆ ಅವತ್ತು ಬಾಯಿ ಬಿಡಲು ಕಸುವಿರಲಿಲ್ಲ. ಆಮೇಲೆ ಕಾದ ತಂತಿಯಿಂದ ಮಣಿಕಟ್ಟಿನ ಮೇಲೆ ಬರೆ ಎಳೆದ. ನನ್ನ ಕೈ ಅಲುಗದ ಹಾಗೆ ಹಿಡಿದವಳು ಅಕ್ಕ. ಆ ಕಲೆ ಈಗಲೂ ಇದೆ. ಶಾಲೆಯಲ್ಲಿ ಮಕ್ಕಳು ಕೇಳಿದರೆ ರೊಟ್ಟಿ ಬಡಿಯುವಾಗ ಹಂಚು ತಾಗಿತು ಎನ್ನುತ್ತೇನೆ.

ಕೊನೆಗೆ ನನ್ನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಮಗಳು. ಬಾಣಂತನ ಮುಗಿಯುವ ಮೊದಲೇ, ಎರಡು ತಿಂಗಳ ಕೂಸನ್ನು ತನ್ನಪ್ಪನ ಕೈಗೆ ಕೊಟ್ಟು, ‘ದೊಡ್ಡವ್ವ ಏನರೆ ಅನ್ಲಿ’ ಎಂದು ನನ್ನನ್ನು ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸಿದಳು. ಸ್ಕ್ಯಾನಿಂಗ್ ಮಾಡುವ ಹುಡುಗ ‘ಅಮ್ಮಾ, ಕುಡೀತೀರೇನ್ರಿ?’ ಎಂದು ಕೇಳಿದ. ಹೂಂನಪ್ಪಾ, ದಿನಕ್ಕೆ ನಾಲ್ಕು ಕಪ್ಪು ಚಹಾ ಎಂದೆ. ಅವನು ನಗಲಿಲ್ಲ, ಬರೆದುಕೊಂಡ.

ಆ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಪುಣ್ಯ ಸಿಕ್ಕಿತು. ಬಾಜೂ ಕುಳಿತ ಅಣ್ಣಿಗೇರಿ ಕಡೆಯ ಹೆಂಗಸು ನನ್ನ ಕಾಲನ್ನೇ ನೋಡುತ್ತಿದ್ದಳು. ನಾನು ಮುಚ್ಚಿಕೊಳ್ಳಲು ಹೋದೆ.

‘ಅಂಗಾಲೇನ್ರಿ?’ ಎಂದಳು.

‘ಹೂಂರಿ.’

‘ರಾತ್ರಿ ಜಾಸ್ತಿ ಹೌದಿಲ್ರಿ?’

ನನಗೆ ಅಳು ಬಂದುಬಿಟ್ಟಿತು. ಅವಳು ಚೀಲದಿಂದ ತಲೆ ಬಾಚುವ ಒಂದು ಸಣ್ಣ ಹಣಿಗೆ ತೆಗೆದು ಕೈಗಿತ್ತಳು. ‘ಉಗುರು ಹಚ್ಚಬ್ಯಾಡ್ರಿ, ರಕ್ತ ಬರತೈತಿ. ಇದರ ಹಲ್ಲಿಲೆ ಮೆತ್ತಗ ಎಳಕೋರ್ರಿ. ಇಟ್ಕೋರ್ರಿ, ನನ್ನ ಹತ್ರ ಇನ್ನೊಂದೈತಿ.’ ಎಂಟು ತಿಂಗಳಲ್ಲಿ ನನ್ನನ್ನು ಮುಟ್ಟಲು ಹೆದರದ ಮೊದಲ ಹೊರಗಿನ ಕೈ ಅದು. ಅವಳ ಹೆಸರು ಕೇಳುವುದನ್ನೂ ಮರೆತೆ.

ಡಾಕ್ಟರ್ ಮೇಡಂ ವಯಸ್ಸಿನಲ್ಲಿ ಸಣ್ಣವರು, ಮಾತಿನಲ್ಲಿ ನೆಟ್ಟಗೆ. ಮೂರು ಸಲದ ರಕ್ತ ಪರೀಕ್ಷೆ ಆದ ಮೇಲೆ ಹೇಳಿದರು. ಯಕೃತ್ತಿನ ಒಳಗಿನ ಸಣ್ಣ ಸಣ್ಣ ಪಿತ್ತನಾಳಗಳು ಕೆಡುತ್ತಿವೆ. ನಮ್ಮ ದೇಹವೇ ಅವನ್ನು ಪರಕೀಯ ಎಂದು ತಿಳಿದು ಹೊಡೆಯುತ್ತಿದೆ. ಹೊರಗೆ ಹರಿಯಬೇಕಾದದ್ದು ಒಳಗೇ ನಿಂತು ರಕ್ತಕ್ಕೆ ಸೇರುತ್ತದೆ, ತುರಿಕೆ ಅದರದು. ಇನ್ನೊಬ್ಬರಿಗೆ ಅಂಟುವುದಿಲ್ಲ. ದಿನಾ ಗುಳಿಗೆ, ಬದುಕಿರುವ ತನಕ. ತುರಿಕೆಗೆ ನೀರಿನಲ್ಲಿ ಕಲಸಿ ಕುಡಿಯುವ ಪುಡಿ. ‘ಪೂರ್ತಿ ವಾಸಿ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಆದರೆ ಹಿಡಿದು ನಿಲ್ಲಿಸಬಹುದು.’

‘ಹಂಚು ಇಟ್ಟದ್ದಕ್ಕ ಬಂದದ್ದಲ್ಲೇನ್ರಿ?’ ಎಂದು ವಿದ್ಯಾ ಕೇಳಿದಳು. ಮೇಡಂಗೆ ಅರ್ಥವಾಗಲಿಲ್ಲ. ನಾನು ಆ ಕೋಣೆಯಲ್ಲಿ ಕುಳಿತೇ ಒಂದು ಸಲ ಜೋರಾಗಿ ಅತ್ತೆ. ಕಾಯಿಲೆಗೆ ಹೆದರಿ ಅತ್ತದ್ದಲ್ಲ. ಮಗಳ ಉಡಿ ತುಂಬಬಹುದಿತ್ತಲ್ಲ ಎಂದು ಅತ್ತದ್ದು.

ಮೇಡಂ ಇನ್ನೊಂದು ಮಾತು ಹೇಳಿದರು. ‘ಈ ಕಾಯಿಲೆ ಒಂದೇ ರಕ್ತದ ಹೆಣ್ಣುಮಕ್ಕಳಲ್ಲಿ ಕೆಲವು ಸಲ ಕಾಣಿಸುತ್ತೆ. ಮಗಳು, ತಾಯಿ, ಅಕ್ಕ ತಂಗಿ ಇದ್ದರೆ ಒಂದು ಸಲ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತೆ.’ ವಿದ್ಯಾಳ ರಕ್ತ ಅಂದೇ ಕೊಡಿಸಿದೆ. ಏನೂ ಇರಲಿಲ್ಲ. ಹೊರಗೆ ಬಂದ ಮೇಲೆ, ದೊಡ್ಡವ್ವನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅವಳ ಬಾಯಿ ಮುಚ್ಚಿಸಿದೆ.

ಮುಂದಿನ ತಿಂಗಳು ಹೋದಾಗ ಮೇಡಂ, ಪಿತ್ತನಾಳದ ಕಾಯಿಲೆಯ ಮೇಲೆ ಒಂದು ಸಂಶೋಧನೆ ನಡೆಸುತ್ತಿದ್ದೇವೆ, ನಿಮ್ಮ ರಕ್ತ ಕೊಡುತ್ತೀರಾ ಎಂದರು. ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಅತಿ ಸಣ್ಣ ಚೂರುಗಳಿರುತ್ತವಂತೆ, ಅವನ್ನು ಎಣಿಸಿ ನೋಡುತ್ತಾರಂತೆ. ‘ಇದರಿಂದ ನಿಮಗೆ ಈಗ ಏನೂ ಲಾಭ ಇಲ್ಲರಿ. ಮುಂದೆ ಬರುವವರಿಗೆ ಆಗಬಹುದು.’ ಆಗಲಿ ಎಂದೆ. ಒಂದು ಫಾರ್ಮು ಕೊಟ್ಟರು. ಹೆಸರು, ವಯಸ್ಸು, ಊರು. ಐದನೆಯ ಸಾಲು: ಒಡಹುಟ್ಟಿದ ಅಕ್ಕ ತಂಗಿಯರು ಇದ್ದಾರೆಯೇ? ಇದ್ದರೆ ಅವರನ್ನೂ ಕರೆದು ಪರೀಕ್ಷೆ ಮಾಡುತ್ತೇವೆ ಎಂದು ಕೆಳಗೆ ಬರೆದಿತ್ತು.

ನನ್ನ ಅಕ್ಷರ ಚೆಂದ. ಊರಿನವರು ಲಗ್ನಪತ್ರಿಕೆಯ ಮೇಲೆ ಹೆಸರು ಬರೆಸಲು ನನ್ನ ಹತ್ತಿರ ಬರುತ್ತಾರೆ. ಆ ಚೆಂದದ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದೆ.

ಮನೆಯಲ್ಲಿ ಅಂಟುರೋಗವಲ್ಲ ಎಂಬ ಡಾಕ್ಟರ್ ಚೀಟಿ ತೋರಿಸಿದೆ. ಅಕ್ಕ ಚೀಟಿಯನ್ನು ಮುಟ್ಟಲಿಲ್ಲ. ‘ಡಾಕ್ಟರಿಗೆ ನಾಗಪ್ಪನ ಸುದ್ದಿ ಏನು ಗೊತ್ತು’ ಎಂದಳು. ಗುಳಿಗೆ, ಪುಡಿ ಕೆಲಸ ಮಾಡಿದವು. ಕಣ್ಣು ಬೆಳ್ಳಗಾಯಿತು, ತುರಿಕೆ ಅರ್ಧಕ್ಕಿಳಿಯಿತು. ಅದನ್ನೂ ಅಕ್ಕ, ತಾನು ಹರಕೆ ಹೊತ್ತದ್ದರ ಫಲ ಎಂದು ಊರಿಗೆಲ್ಲ ಹೇಳಿದಳು. ಒಲೆ ಮಾತ್ರ ನನಗೆ ಬಿಡಲಿಲ್ಲ.

ದೀಪಾವಳಿಯ ಪಾಡ್ಯದ ದಿನ. ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು, ಯಾರೂ ಇಲ್ಲವೆಂದುಕೊಂಡು, ಹೊಸ್ತಿಲಿನ ಅಂಚಿಗೆ ಅಂಗಾಲು ತಿಕ್ಕುತ್ತಿದ್ದಳು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು. ಆ ಮುಖ ನನಗೆ ಗೊತ್ತಿತ್ತು. ಒಂದು ವರ್ಷ ಕನ್ನಡಿಯಲ್ಲಿ ನಾನು ನೋಡಿದ್ದ ಮುಖ ಅದು.

ಆಗ ನನಗೆ ಏನನಿಸಿತು ಎಂದು ಮುಚ್ಚಿಡುವುದಿಲ್ಲ. ಸಂತೋಷವಾಯಿತು. ಹೋಳಿಗೆ ಉಂಡಷ್ಟು ಸಂತೋಷವಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ.

ಅವಳು ಯಾರಿಗೂ ಹೇಳುವಂತಿರಲಿಲ್ಲ, ಅದೇ ಇದರ ರುಚಿ. ತುರಿಕೆ ಎಂದರೆ ನಾಗಪ್ಪನ ದೋಷ ಎಂದು ಊರಿಗೆ ಸಾರಿದವಳೇ ಅವಳು. ಈಗ ತನಗೂ ತುರಿಸುತ್ತದೆ ಎಂದರೆ ತಾನೇ ಒಲೆ ಬಿಟ್ಟು ಇಳಿಯಬೇಕು, ತಾನೇ ಬೇರೆ ತಾಟು ಹಿಡಿಯಬೇಕು. ಅವಳೇ ಕಟ್ಟಿದ ಗೋಡೆಯ ಒಳಗೆ ಅವಳೇ ಕುಳಿತಳು. ಹಿಟ್ಟು ನಾದುವಾಗ ಅಂಗೈ ತುರಿಸಿದರೆ ಹಿಟ್ಟನ್ನು ಬಡಿಯುವ ಸದ್ದು ಹೆಚ್ಚಾಗುತ್ತಿತ್ತು. ನನಗೆ ಪಡಸಾಲೆಯಲ್ಲಿ ಕುಳಿತೇ ತಿಳಿಯುತ್ತಿತ್ತು. ಕಾಲಿಗೆ ಅರಿಶಿನ ಹಚ್ಚಿಕೊಂಡು ‘ಒಡಕು ಬಿಟ್ಟಾವ’ ಎನ್ನುತ್ತಿದ್ದಳು. ಕುಳಿತಲ್ಲಿಯೇ ತೂಕಡಿಸುತ್ತಿದ್ದಳು. ಸೀರೆ ಸಡಿಲಾಗಿತ್ತು. ನನ್ನ ಪರ್ಸಿನಲ್ಲಿ ಹಣಿಗೆ ಇತ್ತು, ಕಪಾಟಿನಲ್ಲಿ ಪುಡಿ ಇತ್ತು, ತಲೆಯಲ್ಲಿ ಮೇಡಂ ಹೇಳಿದ ಮಾತಿತ್ತು. ಮೂರನ್ನೂ ಇಟ್ಟುಕೊಂಡು ಕುಳಿತೆ. ಒಂದು ಬಾರಿ ಕೇಳಿಯೂ ಕೇಳಿದೆ: ‘ಯಾಕ ಯಕ್ಕಾ, ಕಾಲು ತುರಸ್ತಾವೇನು?’ ‘ನನಗ್ಯಾಕ ತುರಸಲಿ? ನಾ ಏನ ಹಂಚಿಟ್ಟೇನೇನು?’ ಎಂದಳು. ಸರಿ, ಹಾಗೇ ಇರು ಎಂದುಕೊಂಡೆ. ದೀಪಾವಳಿ ಹೋಯಿತು, ಎಳ್ಳಮಾಸಿ ಹೋಯಿತು, ಯುಗಾದಿ ಹೋಯಿತು.

ಕಾರ ಹುಣ್ಣಿಮೆಯ ಹೊತ್ತಿಗೆ ಮೇಡಂ ಎರಡನೆಯ ಸಲ ರಕ್ತ ತೆಗೆದುಕೊಳ್ಳಲು ಕರೆದರು. ಅವತ್ತು ಆಸ್ಪತ್ರೆಯಲ್ಲಿ ಜನ ಕಡಿಮೆ. ‘ನನ್ನ ರಕ್ತದಾಗ ನೀವು ಹುಡುಕೂದಾದ್ರೂ ಏನ್ರಿ?’ ಎಂದು ಕೇಳಿದೆ. ನಾನು ಟೀಚರ್ ಎಂದು ಅವರಿಗೆ ಗೊತ್ತಿತ್ತು. ಸ್ವಲ್ಪ ಯೋಚಿಸಿ ಹೇಳಿದರು.

‘ನಿಮ್ಮ ಕ್ಲಾಸಿನಲ್ಲಿ ಮಾನಿಟರ್ ಇರ್ತಾನಲ್ಲರಿ? ಗದ್ದಲ ಮಾಡೋರ ಬಾಯಿ ಮುಚ್ಚಿಸೋದು ಅವನ ಕೆಲಸ. ಈ ಮೈಕ್ರೋ ಆರ್‌ಎನ್‌ಎ ಹಾಗೇ. ಜೀವಕೋಶದಲ್ಲಿ ಇದನ್ನು ಮಾಡು ಅದನ್ನು ಮಾಡು ಅಂತ ಆದೇಶಗಳು ಹೋಗ್ತಿರ್ತವೆ. ಯಾವುದು ಸುಮ್ಮನಿರಬೇಕೋ ಅದನ್ನು ಇವು ಸುಮ್ಮನಿರಿಸ್ತವೆ. ಬೇಕಾದ ಕೆಲಸವೇ. ಆದರೆ ನಿಮ್ಮ ಕಾಯಿಲೆಯಲ್ಲಿ ಅಂಥ ಒಂದು ಮಾನಿಟರ್ ಅತಿ ಆಗಿಬಿಡ್ತಾನೆ ಅಂತ ತಿಳಿದವರು ಹೇಳ್ತಾರೆ. ಪಿತ್ತ ಬಲು ಕಟು ಪದಾರ್ಥ. ಅದು ಸುಡದ ಹಾಗೆ ನಾಳದ ಗೋಡೆ ತನ್ನ ಮೇಲೆ ಒಂದು ರಕ್ಷಣೆಯ ಪದರ ಮಾಡ್ಕೊಳ್ಳುತ್ತೆ. ಪದರ ಮಾಡು ಅಂತ ಕೂಗಬೇಕಾದವರ ಬಾಯನ್ನೇ ಇವನು ಮುಚ್ಚಿಸ್ತಾನೆ. ಆಗ ನಮ್ಮ ಪಿತ್ತವೇ ನಮ್ಮ ನಾಳವನ್ನು ಸುಡುತ್ತೆ. ಇದಿನ್ನೂ ಪೂರ್ತಿ ಸಿದ್ಧವಾಗಿಲ್ಲ, ಅದಕ್ಕೇ ನೋಡ್ತಾ ಇರೋದು.’

ನನ್ನ ತರಗತಿಯಲ್ಲಿ ಹಿಂದೊಮ್ಮೆ ಹಾಗೇ ಆಗಿತ್ತು. ಮಾನಿಟರ್ ಹುಡುಗಿಗೆ ಹೆದರಿ, ಹೊರಗೆ ಹೋಗಬೇಕು ಎಂದು ಕೇಳಲಾರದೆ ಒಂದು ಮಗು ಕುಳಿತಲ್ಲೇ ಒದ್ದೆ ಮಾಡಿಕೊಂಡಿತ್ತು. ಅದು ನೆನಪಾಯಿತು. ಅದರ ಬೆನ್ನಿಗೇ ಅಂಗಾಲು ತಿಕ್ಕುವ ಅಕ್ಕ ನೆನಪಾದಳು. ಒಂದೇ ರಕ್ತ. ಕೂಗಿ ಹೇಳಬೇಕಾದವಳು ನಾನು, ಬಾಯಿ ಮುಚ್ಚಿಕೊಂಡು ಕುಳಿತು ವರ್ಷವಾಯಿತು. ನವಲಗುಂದದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮೇಡಂಗೆ ಬೈದುಕೊಂಡೆ. ಹೇಳಲಿಕ್ಕೆ ಬೇರೆ ಹೋಲಿಕೆ ಸಿಗಲಿಲ್ಲವೇನು ಈ ಹೆಣ್ಣುಮಗಳಿಗೆ!

ಅವತ್ತೇ ಮನೆಗೆ ಹೋಗಿ ಅಕ್ಕನ ಕೈ ಹಿಡಿದುಕೊಂಡೆ ಎಂದು ಬರೆದರೆ ಓದಲು ಚೆಂದ. ಹಾಗೆ ಮಾಡಲಿಲ್ಲ. ಹೇಳಬೇಕು ಎಂದು ನಿರ್ಧಾರ ಮಾಡಿದೆ, ಆದರೆ ಯಾವಾಗ, ಯಾರ ಮುಂದೆ ಹೇಳಬೇಕು ಎನ್ನುವುದನ್ನು ನಾನೇ ಆರಿಸಿಕೊಂಡೆ. ಪಂಚಮಿಗೆ ಇನ್ನೂ ಆರೇಳು ವಾರವಿತ್ತು. ಕಾದೆ.

ಹಾಲೆರೆದು ಬಂದ ಹೆಂಗಸರು ನಮ್ಮ ಅಡುಗೆಮನೆಯಲ್ಲಿ ಕುಳಿತಿದ್ದರು. ಅಕ್ಕ ಉಂಡಿ ಹಂಚಲು ಡಬ್ಬಿ ತೆಗೆಯುತ್ತಿದ್ದಳು. ವಿದ್ಯಾ ಕೂಸಿನ ಜತೆ ಬಂದಿದ್ದಳು. ಶಾಂತವ್ವ ಇದ್ದಳು, ಅವಳಿಲ್ಲದೆ ನನಗೆ ಹಬ್ಬವಾಗುತ್ತಿರಲಿಲ್ಲ. ನಾನು ನೆಟ್ಟಗೆ ಒಳಗೆ ಹೋಗಿ, ಗ್ಯಾಸ್ ಹಚ್ಚಿ, ಹಂಚಿಟ್ಟೆ.

‘ಏ ಸುಶೀ! ತಲಿ ನೆಟ್ಟಗೈತಿಲ್ಲ? ಹಬ್ಬಾ ಐತಿ!’

‘ರೊಟ್ಟಿ ಮಾಡಾಕತ್ತೇನಿ.’

‘ಇಳಸು ಅದನ್ನ! ಒಮ್ಮೆ ಆಗಿದ್ದು ಸಾಲಲಿಲ್ಲೇನು? ನಾಗಪ್ಪ...’

‘ನಾಗಪ್ಪಗ ನಾ ಹೇಳ್ಕೋತೇನಿ. ನೀ ಮೊದಲ ನಿನ್ನ ಕಾಲು ತೋರ್ಸು.’

ಅವಳ ಮುಖ ಬಿಳುಚಿಕೊಂಡಿತು. ಬಿಳುಚಿದ್ದಲ್ಲ, ಹಳದಿ ಎದ್ದು ಕಾಣಿಸಿತು. ನಾನು ಕೆಳಗೆ ಕುಳಿತು ಅವಳ ಸೀರೆಯ ಅಂಚು ಎತ್ತಿದೆ. ಅವಳು ಕಾಲು ಎಳೆದುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ಬರೆ ಎಳೆಸುವಾಗ ಅವಳು ನನ್ನ ಕೈ ಹಿಡಿದಿದ್ದಳಲ್ಲ, ಹಾಗೇ ಹಿಡಿದೆ. ಅಂಗಾಲಿನಲ್ಲಿ ಚರ್ಮವೇ ಉಳಿದಿರಲಿಲ್ಲ. ಅರಿಶಿನ, ಒಣಗಿದ ರಕ್ತ, ಹೊಸ ರಕ್ತ.

‘ಎಲ್ಲಾರೂ ನೋಡ್ರಿ. ನಾ ಹಂಚಿಟ್ಟೆ, ನನಗ ತುರಸ್ತು. ನೀ ಯಾವ ಪಂಚಮಿಗೆ ಹಂಚಿಟ್ಟಿದ್ದಿ ಯಕ್ಕಾ? ಹೇಳು. ನನ್ನ ಮಗಳ ಉಡಿ ನನಗ ತುಂಬಾಕ ಬಿಡಲಿಲ್ಲ. ಈ ಕಾಲಿನ ದೋಷ ಯಾರಿಗೆ ಹತ್ತತೈತಿ, ಅದನ್ನೂ ಹೇಳು.’

ಒಂದೂವರೆ ವರ್ಷ ನಾನು ಕಾದಿದ್ದ ಗಳಿಗೆ ಅದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹೊಟ್ಟೆ ತಣ್ಣಗಾಯಿತು, ಸುಳ್ಳು ಹೇಳುವುದಿಲ್ಲ.

ಅಕ್ಕ ಅಭ್ಯಾಸಬಲಕ್ಕೆ ಎಂಬಂತೆ ಕೈಯಲ್ಲಿದ್ದ ಉಂಡಿಯನ್ನು ಶಾಂತವ್ವನ ಮುಂದೆ ಹಿಡಿದಳು. ಶಾಂತವ್ವ ಸೆರಗು ಎಳೆದುಕೊಂಡಳು. ಕೈ ಚಾಚಲಿಲ್ಲ. ‘ಇರ್ಲಿ ಬಿಡ್ರಿ ಗಂಗಕ್ಕ, ಹೊಟ್ಟಿ ತುಂಬೇತಿ’ ಎಂದಳು. ಅದೇ ಸೆರಗು, ಅದೇ ಎಳೆತ. ಅಕ್ಕನ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ನನ್ನ ಜಡೆ ಹಾಕಿದ ಕೈ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಅಕ್ಕನನ್ನು ನಾನು ಬೈಯಬಹುದು, ಇವಳು ಯಾರು? ಅಕ್ಕನ ಕೈಯಿಂದ ಉಂಡಿ ಕಿತ್ತುಕೊಂಡು ಪೂರ್ತಿ ಬಾಯಿಗೆ ಹಾಕಿಕೊಂಡೆ. ಪ್ರೀತಿಯಿಂದ ತಿಂದದ್ದಲ್ಲ, ಶಾಂತವ್ವನ ಮೇಲಿನ ಸೇಡಿಗೆ ತಿಂದದ್ದು. ಬಾಯಿ ತುಂಬಿದ್ದರಿಂದ ಮುಂದಿನ ಮಾತು ಸರಿಯಾಗಿ ಹೊರಡಲಿಲ್ಲ.

‘ನಾಳೆ ಹುಬ್ಬಳ್ಳಿಗೆ ಹೋಗೂಣು. ಏಳರ ಬಸ್ಸಿಗೆ.’

ಆಸ್ಪತ್ರೆಯಲ್ಲಿ ಅದೇ ಬೆಂಚು. ಅಕ್ಕ ಕಟ್ಟಿಗೆಯ ಹಾಗೆ ನೆಟ್ಟಗೆ ಕುಳಿತಿದ್ದಳು, ಕಾಲ್ಬೆರಳು ಮಾತ್ರ ಮುದುರಿಕೊಂಡಿದ್ದವು. ಅಷ್ಟು ಜನರ ನಡುವೆ ತುರಿಸಿಕೊಳ್ಳುವ ಹೆಂಗಸಲ್ಲ ಅವಳು. ಪರ್ಸಿನಿಂದ ಹಣಿಗೆ ತೆಗೆದು ಕೊಟ್ಟೆ. ‘ಉಗುರು ಹಚ್ಚಬ್ಯಾಡ. ಇದರ ಹಲ್ಲಿಲೆ ಎಳಕೋ.’ ಅವಳು ಎಳೆದುಕೊಂಡಳು. ಕಣ್ಣು ಮುಚ್ಚಿದಳು. ಕಣ್ಣು ತೆರೆದು, ‘ಇದು ನಿನ್ನ ಹತ್ರ ಯಾವಾಗಿಂದ ಐತಿ?’ ಎಂದಳು. ಹೋದ ವರ್ಷದ ಬೇಸಿಗೆಯಿಂದ ಎಂದೆ. ಅವಳು ಹಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಎರಡು ವಾರದ ನಂತರ ಎಲ್ಲ ಪರೀಕ್ಷೆಗಳ ಕಾಗದ ಬಂತು. ಮೇಡಂ ಒಂದೊಂದನ್ನೇ ತಿರುವಿದರು. ಅದೇ ಕಾಯಿಲೆ. ಯಕೃತ್ತು ನನ್ನದಕ್ಕಿಂತ ಹೆಚ್ಚು ಗಟ್ಟಿಯಾಗಿದೆ. ಗುಳಿಗೆ ಶುರು ಮಾಡೋಣ, ನೋಡೋಣ. ‘ವರ್ಷದ ಹಿಂದೆ ಬಂದಿದ್ದರೆ ಇನ್ನೂ ಚೆನ್ನಾಗಿತ್ತು’ ಎಂದರು. ಆಮೇಲೆ ಅವಳ ಹೆಸರಿನ ಮುಂದಿದ್ದ ಊರನ್ನು ನೋಡಿ, ನನ್ನನ್ನು ನೋಡಿ, ಕಪಾಟಿನಿಂದ ನನ್ನ ಫೈಲು ತೆಗೆದರು.

‘ಇವರು ನಿಮಗೇನಾಗಬೇಕ್ರಿ?’

‘ಅಕ್ಕ’ ಎಂದೆ.

‘ಒಡಹುಟ್ಟಿದ ಅಕ್ಕನಾ? ಮತ್ತೆ ಫಾರ್ಮಿನಲ್ಲಿ ಇಲ್ಲ ಅಂತ ಬರೆದಿದ್ದೀರಲ್ಲ?’

ಕಾಗದವನ್ನು ನಮ್ಮಿಬ್ಬರ ಕಡೆ ತಿರುಗಿಸಿದರು. ಅಕ್ಕನಿಗೆ ಏಳನೆಯ ಇಯತ್ತೆಯ ಓದು ಇದೆ. ಬೆರಳಿಟ್ಟು ಐದನೆಯ ಸಾಲನ್ನು ಓದಿದಳು. ಕೆಳಗೆ ಬರೆದದ್ದನ್ನೂ ಓದಿದಳು. ಪಕ್ಕದಲ್ಲಿ ನನ್ನ ರುಜು, ತಾರೀಖು ಎಲ್ಲ ಇತ್ತು. ಆ ಅಕ್ಷರವನ್ನು ಅವಳು ಗುರುತಿಸದೆ ಇರಲು ಸಾಧ್ಯವಿರಲಿಲ್ಲ. ಪಾಟಿಯ ಮೇಲೆ ನನ್ನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದವಳು ಅವಳು. ಈಗ ಕಿರುಚುತ್ತಾಳೆ, ಈಗ ಎದ್ದು ಹೋಗುತ್ತಾಳೆ ಎಂದು ಕಾದೆ. ಕಿರುಚಲಿ ಎಂದೂ ಅನಿಸಿತು. ಅವಳು ಕಿರುಚಿದರೆ ನನ್ನ ಸಿಟ್ಟು ಉಳಿಯುತ್ತಿತ್ತು.

‘ಬರದದ್ದು ಖರೇ ಐತ್ರಿ ಬಾಯಾರ’ ಎಂದಳು ಅಕ್ಕ ಮೇಡಂಗೆ. ‘ಆವಾಗ ಇಕಿಗೆ ಅಕ್ಕ ಇರಲಿಲ್ಲ.’

ಮೇಡಂ ಇಬ್ಬರ ಮುಖವನ್ನೂ ನೋಡಿದರು. ಡ್ರಾವರ್‌ನಿಂದ ಒಂದು ಹೊಸ ಫಾರ್ಮು ತೆಗೆದು ಅಕ್ಕನ ಮುಂದಿಟ್ಟು, ಸಂಶೋಧನೆಗೆ ರಕ್ತ ಕೊಡುತ್ತೀರಾ ಎಂದು ಕೇಳಿದರು. ಅಕ್ಕ ಹೂಂ ಎಂದಳು. ಅವಳ ಅಂಗೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ, ನನ್ನ ಕಡೆ ತಳ್ಳಿದಳು. ಹೆಸರು ಬರೆದೆ, ವಯಸ್ಸು ಬರೆದೆ, ಊರು ಬರೆದೆ. ಐದನೆಯ ಸಾಲಿಗೆ ಬಂದಾಗ ಕೈ ನಿಂತಿತು. ನಾನಾಗಿ ಬರೆಯಲಾರೆ. ಅವಳು ಹೇಳಬೇಕು.

ಅವಳು ಕಾಯಿಸಿದಳು. ಗೋಡೆಯ ಮೇಲಿನ ಫ್ಯಾನು ನೋಡಿದಳು, ಕಿಟಕಿ ನೋಡಿದಳು, ಹಣಿಗೆಯಿಂದ ಒಂದು ಸಲ ಅಂಗೈ ಎಳೆದುಕೊಂಡಳು. ನಾನು ಹದಿನಾಲ್ಕು ತಿಂಗಳು ಕಾಯಿಸಿದ್ದೆ, ಅವಳು ಎರಡು ನಿಮಿಷ ಕಾಯಿಸಿರಬೇಕು. ನನ್ನ ಜನ್ಮದಲ್ಲಿ ಅಷ್ಟು ಉದ್ದದ ಎರಡು ನಿಮಿಷ ನೋಡಿಲ್ಲ.

‘ಒಬ್ಬಾಕಿ ತಂಗಿ ಅದಾಳ ಅಂತ ಬರಿ’ ಎಂದಳು. ‘ಜಾಗಾ ಉಳದ್ರ, ಹಾವಿನಂಥಾಕಿ ಅಂತನೂ ಬರಿ.’

ಜಾಗ ಉಳಿದಿರಲಿಲ್ಲ. ‘ತಂಗಿ, ಒಬ್ಬಳು’ ಎಂದಷ್ಟೇ ಬರೆದೆ. ಅಕ್ಷರ ವಕ್ರವಾಗಿ ಬಂತು.